ಹೊಳೆಯಲ್ಲಿ ನಿಂತು ಕನ್ನಡದಲ್ಲಿ ಕೂಗಿದವಳು

"ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋಗು" ಎಂದು ಹೇಳಿದವಳು ನಾನೇ. ಹೇಳಿ ವರ್ಷವಾಗುತ್ತ ಬಂತು. ಈಗಲೂ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಜಾಗ ಉಂಟು" ಎಂದು ಕೂಗಿದರೆ ನನ್ನ ಕಾಲು ಇದ್ದಲ್ಲೇ ನಿಂತುಬಿಡುತ್ತದೆ. ಬೆನ್ನ ಹಿಂದಿನವರು ಗೊಣಗುತ್ತಾರೆ. ಅವರಿಗೆ ಏನೆಂದು ವಿವರಿಸುವುದು? ಒಂದು ಮಗು ನನ್ನ ಮಾತು ಕೇಳಿ ಹಿಂದಕ್ಕೆ ಹೋಯಿತು, ಹೋದಲ್ಲಿ ನೆಲವಿರಲಿಲ್ಲ.

ಮಗು ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾರ್ಚಿನಲ್ಲಿ ಹತ್ತನೇ ತರಗತಿಯ ಪರೀಕ್ಷೆ ಬರೆಯುತ್ತಿದ್ದಾಳೆ. ಮೊನ್ನೆ ಬೆಳ್ತಂಗಡಿ ಬಸ್ ನಿಲ್ದಾಣದಲ್ಲಿ ಸಿಕ್ಕಿದವಳು ಗಣಿತ ಪತ್ರಿಕೆಯನ್ನು ಬೈದುಕೊಂಡು ಹೋದಳು. ಚೆನ್ನಾಗಿಲ್ಲದವಳು ನಾನು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನನ್ನ ಮನೆ ಲಾಯಿಲದಲ್ಲಿ. ಕೆಲಸ ಶಿರ್ತಾಡಿಯ ಹತ್ತಿರದ ಒಂದು ಕಾಲೇಜಿನಲ್ಲಿ, ಕನ್ನಡ ಕಲಿಸುವುದು. ಮನೆಯೊಳಗೆ ನಾವು ಬ್ಯಾರಿ ಮಾತಾಡುತ್ತೇವೆ, ಬಾಗಿಲು ದಾಟಿದರೆ ತುಳು. ಕನ್ನಡ ನನಗೆ ಶಾಲೆಯಲ್ಲಿ ಸಿಕ್ಕಿದ್ದು, ಅದೂ ಸುಲಭಕ್ಕೆ ಸಿಗಲಿಲ್ಲ. ಐದನೇ ತರಗತಿಯಲ್ಲಿ ಎದ್ದು ನಿಂತು ಪದ್ಯ ಓದುವಾಗ ನಡುವೆ ಒಂದು ಬ್ಯಾರಿ ಶಬ್ದ ನುಸುಳಿ ಇಡೀ ತರಗತಿ ನಕ್ಕಿತ್ತು. ಆವತ್ತಿನಿಂದ ಕನ್ನಡವನ್ನು ಇಸ್ತ್ರಿ ಹಾಕಿದ ಅಂಗಿಯ ಹಾಗೆ ಎಚ್ಚರದಿಂದ ತೊಟ್ಟುಕೊಂಡೆ. ಎಂ.ಎ. ಮುಗಿಸುವ ಹೊತ್ತಿಗೆ ಯಾರೂ ನಗುವಂತಿರಲಿಲ್ಲ. ಮುಂದೆ ಮಕ್ಕಳಿಗೆ ನಾಟಕ ಕಲಿಸುವಾಗ ನಾನು ಮಾಡಿದ ಒಂದು ನಿಯಮದ ಬೇರು ಅಲ್ಲೆಲ್ಲೋ ಇರಬೇಕು.

ನಮ್ಮ ಊರಿನ ಯುವಕರು ಪ್ರತಿ ವರ್ಷ ಏಪ್ರಿಲ್ ಕೊನೆಗೆ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ಮಕ್ಕಳಿಗೊಂದು ಬೇಸಿಗೆ ಶಿಬಿರ ನಡೆಸುತ್ತಾರೆ. ಚಿತ್ರ, ಹಾಡು, ಕಾಗದದ ಹೂವು. ಕೊನೆಯ ದಿನ ಊರವರ ಮುಂದೆ ಒಂದು ನಾಟಕ. ನಾಟಕದ ಜವಾಬ್ದಾರಿ ನನ್ನದು. ಮೊದಲೆಲ್ಲ ಕಾಲು ಗಂಟೆಯ ತಮಾಷೆ ನಾಟಕ ಮಾಡಿಸುತ್ತಿದ್ದೆ. ಕಳೆದ ವರ್ಷ ಮಾತ್ರ ಗಂಭೀರವಾದದ್ದೊಂದು ಮಾಡಬೇಕೆನಿಸಿತು.

ಮೊದಲ ದಿನ ಮಕ್ಕಳನ್ನು ಸುತ್ತ ಕೂರಿಸಿ, ಈ ರಜೆಯಲ್ಲಿ ನಿಮಗೆ ಏನು ಬೇಕು ಎಂದು ಕೇಳಿದೆ. ಒಬ್ಬನಿಗೆ ಒಂಬತ್ತು ಗಂಟೆಯವರೆಗೆ ಮಲಗಬೇಕಿತ್ತು. ಒಬ್ಬಳಿಗೆ ಬಂಟ್ವಾಳದ ಅಜ್ಜಿಮನೆಗೆ ಹೋಗಿ, ತಾಯಿ ಕರೆಯಲು ಬಂದರೂ ಮರಳದೆ ಇರಬೇಕಿತ್ತು. ಇನ್ನೊಬ್ಬನಿಗೆ ಎರಡೂ ಕೈ ಬಿಟ್ಟು ಸೈಕಲ್ ಬಿಡಲು ಬರಬೇಕಿತ್ತು. ಕೊನೆಯಲ್ಲಿ ಕುಳಿತಿದ್ದ ತೆಳ್ಳಗಿನ ಹುಡುಗಿ ಒಂಬತ್ತನೇ ತರಗತಿ ಮುಗಿಸಿದವಳು, ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವಳು.

"ಟೀಚರ್, ನನಗೆ ದೊಡ್ಡ ಪಾರ್ಟು ಬೇಕು. ಸಾಯುವ ಪಾರ್ಟು ಆದ್ರೂ ಅಡ್ಡಿಲ್ಲ" ಎಂದಳು.

"ಸಾಯುವ ಪಾರ್ಟೇ ದೊಡ್ಡ ಪಾರ್ಟು" ಎಂದೆ.

"ಹಾಗಾದ್ರೆ ಅದೇ ಕೊಡಿ. ಮೇ ತಿಂಗಳ ನಡುವಿಂದ ನಮಗೆ ಹತ್ತನೆಯ ಸ್ಪೆಷಲ್ ಕ್ಲಾಸ್ ಶುರು. ಆಮೇಲೆ ಒಂದು ವರ್ಷ ನಾಟಕ ಇಲ್ಲ, ಡ್ಯಾನ್ಸ್ ಇಲ್ಲ, ಎಂತದೂ ಇಲ್ಲ. ಅಮ್ಮ ಈಗಲೇ ಹೇಳಿ ಆಗಿದೆ."

ಅವಳಿಗೆ ಉಳಿದಿದ್ದದ್ದು ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಒಮ್ಮೆ ವೇದಿಕೆಯ ನಡುವೆ ನಿಲ್ಲಬೇಕು, ಎಲ್ಲರೂ ತನ್ನನ್ನೇ ನೋಡಬೇಕು. ಅಷ್ಟೇ ಅವಳ ರಜೆ.

ನಾಟಕವನ್ನು ನಾನೇ ಬರೆದಿದ್ದೆ. ಹೊಳೆ ದಾಟಿಸುವ ದೋಣಿಯವನ ಮಗಳ ಕಥೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳೇ ದೋಣಿ ನಡೆಸುತ್ತಾಳೆ. ನೆರೆ ಬಂದ ದಿನ ಊರವರನ್ನೆಲ್ಲ ದಡ ಸೇರಿಸಿ, ಕೊನೆಯಲ್ಲಿ ತಾನೇ ನೀರಿನ ನಡುವೆ ಸಿಕ್ಕಿಕೊಳ್ಳುತ್ತಾಳೆ. ದಡದ ಮೇಲಿನವರು ತಮ್ಮ ಗಂಟುಮೂಟೆಗಾಗಿ ಜಗಳವಾಡುತ್ತ ಅವಳಿಗೆ ಬೆನ್ನು ಹಾಕಿ ನಿಂತಿರುತ್ತಾರೆ. ಅವಳು ಕೂಗುತ್ತಾಳೆ. ಯಾರೂ ತಿರುಗುವುದಿಲ್ಲ. ಅವಳ ಬಾಯಿಗೆ ನಾನು ಹಾಕಿದ್ದ ಮಾತುಗಳು ಹೀಗಿದ್ದವು: "ಓ ದಡದ ಮೇಲಿನ ಬಂಧುಗಳೇ! ನೀರು ನನ್ನ ಎದೆಯನ್ನು ಮುಟ್ಟಿದೆ. ನಿಮ್ಮನ್ನೆಲ್ಲ ಹೊತ್ತ ಈ ತೋಳುಗಳು ಸೋತಿವೆ. ಒಂದು ಕೈ, ಒಂದೇ ಒಂದು ಕೈ ನನ್ನೆಡೆಗೆ ಚಾಚಿರಿ!"

ಆ ಹುಡುಗಿ ಈ ಮಾತುಗಳನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದಳು. ತೊಂದರೆ ಕೊಟ್ಟವರು ಉಳಿದವರು. ಎರಡು ವಾಕ್ಯ ಕನ್ನಡ, ಮೂರನೆಯದು ತುಳು. ನೆರೆಯಲ್ಲಿ ಮನೆ ಕಳೆದುಕೊಂಡ ವ್ಯಾಪಾರಿ ಅಳುತ್ತ ಅಳುತ್ತ ಪಕ್ಕದವನಿಗೆ ತುಳುವಿನಲ್ಲಿ "ನಿನ್ನ ಮೀಸೆ ಬೀಳ್ತಾ ಉಂಟು ಮಾರಾಯ" ಎನ್ನುತ್ತಿದ್ದ. ಹಾಗಾಗಿ ನಿಯಮ ಮಾಡಿದೆ. ಅಭ್ಯಾಸ ಶುರುವಾದ ಮೇಲೆ ಯಾರ ಬಾಯಿಂದಾದರೂ ಕನ್ನಡ ಬಿಟ್ಟು ಬೇರೆ ಮಾತು ಬಂದರೆ, ಇಡೀ ದೃಶ್ಯ ಮೊದಲಿನಿಂದ. ಎಲ್ಲರೂ ಮತ್ತೆ ಮಾಡಬೇಕು. ಯಾರು ತಪ್ಪಿದರೋ ಅವರ ಮೇಲೆ ಉಳಿದವರ ಶಾಪ.

ನಿಯಮ ಕೆಲಸ ಮಾಡಿತು. ಮೂರನೆಯ ದಿನ ವ್ಯಾಪಾರಿಯ ಕಾಲಿಗೆ ಇರುವೆ ಕಚ್ಚಿತು. ಅವನು "ಪಿಜಿನ್!" ಎಂದು ತುಳುವಿನಲ್ಲಿ ಹಾರಿದ. ದೃಶ್ಯ ಮೊದಲಿನಿಂದ. ಹತ್ತು ನಿಮಿಷ ಬಿಟ್ಟು ಮತ್ತೆ ಕಚ್ಚಿತು. ಈ ಸಲ ಅವನು ಹಲ್ಲು ಕಚ್ಚಿ, ಕೈ ಮೇಲೆತ್ತಿ, "ಅಯ್ಯೋ, ಇರುವೆಯು ನನ್ನನ್ನು ಪುನಃ ಕಚ್ಚಿತು!" ಎಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಅವನ ಬೆನ್ನು ತಟ್ಟಿದೆ. ನಗುತ್ತ ನಾನು ಮಕ್ಕಳಿಗೆ ಏನನ್ನು ಕಲಿಸುತ್ತಿದ್ದೇನೆಂದು ಆಗ ತಿಳಿಯಲಿಲ್ಲ.

ಶಾಲೆಯ ಸಭಾಂಗಣಕ್ಕೆ ತಗಡಿನ ಮಾಡು. ಹನ್ನೊಂದು ಗಂಟೆಯಾದರೆ ಒಳಗೆ ಒಲೆಯ ಮುಂದೆ ಕುಳಿತ ಹಾಗೆ. ಹಾಗಾಗಿ ನಾಲ್ಕನೆಯ ದಿನದಿಂದ ಅಭ್ಯಾಸವನ್ನು ಶಾಲೆಯ ಹಿಂದಿನ ಹೊಳೆಗೆ ಸಾಗಿಸಿದೆ. ಅಲ್ಲೊಂದು ಕಿಂಡಿ ಅಣೆಕಟ್ಟು ಉಂಟು. ಮಳೆಗಾಲ ಮುಗಿದ ಮೇಲೆ ಅದರ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ; ಬೇಸಿಗೆಯಿಡೀ ಮೇಲ್ಭಾಗದಲ್ಲಿ ನೀರು ಕೆರೆಯ ಹಾಗೆ ಸುಮ್ಮನೆ ನಿಂತಿರುತ್ತದೆ. ದಡದಲ್ಲಿ ಅಗಲವಾದ ಬಂಡೆ, ಮೇಲೆ ಮಾವಿನ ಮರದ ನೆರಳು. ಇದಕ್ಕಿಂತ ಒಳ್ಳೆಯ ರಂಗ ಎಲ್ಲಿ ಸಿಕ್ಕೀತು? ಅಂಚಿನಲ್ಲಿ ನೀರು ಪಾದ ಮುಳುಗುವಷ್ಟು, ಐದು ಹೆಜ್ಜೆ ಒಳಗೆ ಮೊಣಕಾಲಿನಷ್ಟು. ನಾನೇ ಸೀರೆ ಎತ್ತಿಕಟ್ಟಿ ಇಳಿದು ನೋಡಿದ್ದೆ. ಐದು ಹೆಜ್ಜೆಯವರೆಗೆ ಮಾತ್ರ.

ಆ ಮಾವಿನ ಮರದ ಕಾಡುಮಾವಿನಕಾಯಿ ಉಪ್ಪಿನಕಾಯಿಗೆ ಒಳ್ಳೆಯದಂತೆ. ಹತ್ತಿರದ ಮನೆಯ ಅಜ್ಜಿಯೊಬ್ಬರು ಉದ್ದನೆಯ ಬಿದಿರಿನ ಕೊಕ್ಕೆ ಹಿಡಿದು ದಿನವೂ ಬರುತ್ತಿದ್ದರು. ಕಾಯಿ ಕೀಳುವುದು ಸ್ವಲ್ಪ, ನಮ್ಮನ್ನು ನೋಡುವುದು ಹೆಚ್ಚು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ; ಕನ್ನಡ ಅಷ್ಟಕ್ಕಷ್ಟೇ. ನನ್ನೊಡನೆ ಮಾತೆಲ್ಲ ತುಳುವಿನಲ್ಲಿ.

"ಟೀಚರೇ, ಆ ಹುಡುಗಿಗೆ ಹೊಟ್ಟೆನೋವಾ? ನಿನ್ನೆಯೂ ಬೊಬ್ಬೆ ಹಾಕಿದ್ಳು, ಇವತ್ತೂ ಹಾಕ್ತಾಳೆ."

"ಇಲ್ಲ ಅಜ್ಜಿ, ಅದು ದುಃಖದ ನಾಟಕ."

"ಮನೆಯಲ್ಲಿ ಇರುವ ದುಃಖ ಸಾಲದಾ, ರಜೆಯಲ್ಲಿ ಬೇರೆ ಕಲೀಲಿಕ್ಕೆ?" ಎಂದು ಕೊಕ್ಕೆಯನ್ನು ಮೇಲೆತ್ತಿದರು.

ಆರನೆಯ ದಿನ ಅದು ನಡೆಯಿತು. ಶಿಬಿರದ ಯುವಕರು ವೇದಿಕೆ ಕಟ್ಟಲು ಶಾಲೆಯಲ್ಲೇ ಉಳಿದಿದ್ದರು. ಮಕ್ಕಳ ಜೊತೆ ದೊಡ್ಡವಳೆಂದು ಇದ್ದವಳು ನಾನೊಬ್ಬಳೇ; ಅಜ್ಜಿ ಮೇಲೆ ಮಾವಿನ ಮರದ ಬುಡದಲ್ಲಿದ್ದರು. ಹುಡುಗಿ ದೋಣಿಯವಳ ವೇಷದಲ್ಲಿ, ಸೊಂಟಕ್ಕೆ ಕೆಂಪು ಬಟ್ಟೆ ಬಿಗಿದುಕೊಂಡು, ಮೊಣಕಾಲಿನಷ್ಟು ನೀರಿನಲ್ಲಿ ನಿಂತಿದ್ದಳು. ಉಳಿದ ಆರು ಮಕ್ಕಳು ಬಂಡೆಯ ಮೇಲೆ, ನಾನು ಹೇಳಿಕೊಟ್ಟ ಹಾಗೆಯೇ, ಹೊಳೆಗೆ ಬೆನ್ನು ಹಾಕಿ ನಿಂತಿದ್ದರು. ನಾನು ಸ್ವಲ್ಪ ಬದಿಯಲ್ಲಿ, ತೊಡೆಯ ಮೇಲೆ ನಾಟಕದ ಹಸ್ತಪ್ರತಿ ಇಟ್ಟುಕೊಂಡು, ಕೈಯಲ್ಲಿ ಪೆನ್ನು.

ಅವಳ ಮಾತಿನಲ್ಲಿ ಭಾರ ಸಾಲದು ಎನಿಸಿತು. ನೀರು ಇನ್ನೂ ಸ್ವಲ್ಪ ಮೇಲೆ ಬಂದರೆ ಧ್ವನಿ ತಾನಾಗಿ ಬದಲಾದೀತು ಎಂದುಕೊಂಡೆ. "ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋಗು" ಎಂದೆ. ಹೇಳಿ ಮುಂದಿನ ಮಾತು ಯಾವುದೆಂದು ಹಸ್ತಪ್ರತಿಯ ಕಡೆ ಬಗ್ಗಿದೆ.

ಹಲಗೆ ಹಾಕುವ ಮೊದಲು, ಹೊಳೆಯ ನೀರು ಇಳಿದಿದ್ದಾಗ, ಯಾರೋ ಅಲ್ಲಿಂದ ಮರಳು ತೆಗೆದಿದ್ದರು. ಗುಂಡಿ ಹಾಗೇ ಉಳಿದಿತ್ತು. ಮೇಲೆ ನೀರು ಎಲ್ಲ ಕಡೆಯಂತೆಯೇ ಹಸಿರಾಗಿ, ಶಾಂತವಾಗಿ ನಿಂತಿತ್ತು.

"ಓ ದಡದ ಮೇಲಿನ ಬಂಧುಗಳೇ!" ಎಂದು ಕೇಳಿಸಿತು. ಸರಿಯಾಗಿತ್ತು. ಆಮೇಲೆ ಒಂದು ಕ್ಷಣ ನೀರು ಬಡಿದ ಸದ್ದು. ಮತ್ತೆ ಅವಳ ದನಿ, ಬೇರೆ ಎತ್ತರದಲ್ಲಿ: "ನನ್ನ ಕಾಲಿಗೆ ನೆಲವಿಲ್ಲ! ಬಂಧುಗಳೇ, ನನ್ನ ಕಾಲಿಗೆ ನೆಲವಿಲ್ಲ! ಬನ್ನಿರಿ!"

ಇದು ನಾನು ಬರೆದ ಮಾತಲ್ಲ. ಹಸ್ತಪ್ರತಿಯಲ್ಲಿ ಇಲ್ಲ. ನನಗೆ ಸಂತೋಷವಾಯಿತು; ಹುಡುಗಿ ಪಾತ್ರದೊಳಗೆ ಇಳಿದಿದ್ದಾಳೆ, ತಾನೇ ಮಾತು ಕಟ್ಟುತ್ತಿದ್ದಾಳೆ ಎಂದುಕೊಂಡೆ. ಮರೆಯುವ ಮುನ್ನ ಆ ಸಾಲನ್ನು ಪುಟದ ಅಂಚಿನಲ್ಲಿ ಬರೆದುಕೊಂಡೆ. ಹೌದು, ಬರೆದುಕೊಂಡೆ. ಅವಳು ಮುಳುಗುತ್ತಿದ್ದಳು, ನಾನು ಅವಳ ಕೂಗನ್ನು ನೀಲಿ ಶಾಯಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಬಂಡೆಯ ಮೇಲೆ ಬೆನ್ನು ಹಾಕಿ ನಿಂತಿದ್ದ ಮಕ್ಕಳಲ್ಲಿ ಒಬ್ಬಳು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

ಆಮೇಲೆ ನಾನು ಅಳೆದು ನೋಡಿದ್ದೇನೆ. ಮನೆಯಲ್ಲಿ ಮೇಜಿನ ಮುಂದೆ ಕುಳಿತು ಅದೇ ಸಾಲನ್ನು, ಅದೇ ವೇಗದಲ್ಲಿ, ಮತ್ತೆ ಮತ್ತೆ ಬರೆದು ಗಡಿಯಾರ ನೋಡಿದ್ದೇನೆ. ಒಮ್ಮೆ ಎಂಟು ಸೆಕೆಂಡು, ಒಮ್ಮೆ ಹತ್ತು. ಕೊಂಬು, ದೀರ್ಘ, ಎಲ್ಲ ತಪ್ಪಿಲ್ಲದೆ ಬರೆದಿದ್ದೆ. ಹತ್ತು ಸೆಕೆಂಡು ನೀರಿನೊಳಗೆ ಎಷ್ಟು ಉದ್ದವೆಂದು ಬಕೆಟ್ಟಿನಲ್ಲಿ ಮುಖ ಇಟ್ಟೂ ನೋಡಿದೆ. ನನ್ನ ತಾಯಿ, ಉಮ್ಮ, ಬಚ್ಚಲಿನ ಬಾಗಿಲು ಬಡಿದು, "ಎಂತ ಮಾಡ್ತಾ ಇದ್ದಿ ಒಳಗೆ?" ಎಂದು ಗದರಿದರು.

ಅವತ್ತು ನನ್ನ ಪೆನ್ನನ್ನು ನಿಲ್ಲಿಸಿದ್ದು ಮೇಲಿನಿಂದ ಬಂದ ಕಿರುಚು.

"ಬಾಲೆ ಮುರ್ಕೊಂದುಂಡು!"

ಮಗು ಮುಳುಗುತ್ತಿದೆ ಎಂದು ತುಳುವಿನಲ್ಲಿ. ಅಜ್ಜಿ. ಆ ಒಂದು ಮಾತಿಗೆ ಆರೂ ಮಕ್ಕಳು ಗಿರಕ್ಕನೆ ತಿರುಗಿದರು, ನಾನು ತಲೆಯೆತ್ತಿದೆ. ನೀರಿನ ಮೇಲೆ ಎರಡು ಕೈ, ಕೂದಲು, ಮತ್ತೆ ಬರೀ ಒಂದು ಕೈ. ನಾನು ಎದ್ದು ಓಡಿದ್ದು ನೆನಪಿದೆ. ನೀರು ಸೊಂಟಕ್ಕೆ ಬಂದದ್ದು ನೆನಪಿದೆ. ನನಗೆ ಈಜು ಬಾರದು.

"ನೀವು ಅಲ್ಲೇ ನಿಲ್ಲಿ! ನಿಮ್ಮನ್ನು ಎಳೆಯುವವರು ಯಾರು ಆಮೇಲೆ?" ಎಂದು ಅಜ್ಜಿ ಬೈದರು. ಅಷ್ಟರಲ್ಲಿ ಅವರು ಬಂಡೆಯ ತುದಿಗೆ ಬಂದು, ಹೊಟ್ಟೆ ಅಡಿ ಮಾಡಿ ಮಲಗಿ, ಮಾವಿನಕಾಯಿ ಕೀಳುವ ಕೊಕ್ಕೆಯನ್ನು ನೀರಿಗೆ ಚಾಚಿಯಾಗಿತ್ತು. ಎರಡು ಸಲ ತಪ್ಪಿತು. ಮೂರನೆಯ ಸಲ ಸೊಂಟದ ಕೆಂಪು ಬಟ್ಟೆಗೆ ಸಿಕ್ಕಿತು. ಮಕ್ಕಳು ಅಜ್ಜಿಯ ಕಾಲು ಹಿಡಿದುಕೊಂಡರು. ಕಾಲು ಹಿಡಿದವರನ್ನು ಇನ್ನಿಬ್ಬರು ಹಿಡಿದುಕೊಂಡರು. ಬಿದಿರು ಬಾಗಿತು, ಮುರಿಯಲಿಲ್ಲ. ಹುಡುಗಿ ಹತ್ತಿರ ಬಂದಾಗ ನಾನು ಅವಳ ತೋಳು ಹಿಡಿದೆ. ನಾನು ಮಾಡಿದ ಕೆಲಸ ಅಷ್ಟೇ.

ಬಂಡೆಯ ಮೇಲೆ ಬೋರಲು ಮಲಗಿಸಿದಾಗ ಅವಳು ಕೆಮ್ಮಿ, ನೀರು ಕಾರಿ, ಮತ್ತೆ ಕೆಮ್ಮಿದಳು. ಕಣ್ಣು ಕೆಂಪಗಾಗಿತ್ತು. ನನ್ನನ್ನು ನೋಡಿ ಅವಳಾಡಿದ ಮೊದಲ ಮಾತು:

"ಟೀಚರ್, ನಾನು ತುಳು ಮಾತಾಡ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಹಲ್ಲು ಕಡಿಯುತ್ತಿದ್ದ ಬಾಯಿಂದ ಅವಳೇ ಬಿಡಿಸಿ ಹೇಳಿದಳು. "ಅಮ್ಮನನ್ನು ತುಳುವಲ್ಲಿ ಬೊಬ್ಬೆ ಹಾಕಿ ಕರೆಯುವ ಅಂತ ಬಂತು. ಆದ್ರೆ ತುಳು ಬಂದ್ರೆ ಎಲ್ಲ ಮೊದಲಿಂದ ಅಲ್ವಾ. ಅವರೆಲ್ಲ ನನಗೆ ಬೈತಾರೆ ಅಂತ…"

ಅಜ್ಜಿಗೆ ಅವಳ ಕನ್ನಡ ಪೂರ್ತಿ ತಿಳಿಯಲಿಲ್ಲ. ವ್ಯಾಪಾರಿಯ ಪಾತ್ರದವನು ತುಳುವಿನಲ್ಲಿ ಹೇಳಿದ. ಕೇಳಿದ ಅಜ್ಜಿ ತಮ್ಮ ಒದ್ದೆ ಸೆರಗನ್ನು ಹಿಂಡುತ್ತ ನನ್ನ ಕಡೆ ತಿರುಗಿದರು.

"ನಿಮ್ಮ ಆ ದೊಡ್ಡ ದೊಡ್ಡ ಮಾತೆಲ್ಲ ನನಗೆ ಗೊತ್ತಾಗುವುದಿಲ್ಲ ಟೀಚರೇ. ಮಗುವಿನ ಗಂಟಲಿನವರೆಗೆ ನೀರು ಬಂದದ್ದು ಕಂಡಿತು. ಅದು ಕಾಣ್ಲಿಕ್ಕೆ ಕನ್ನಡ ಬೇಕಾ?"

ಕನ್ನಡ ಗೊತ್ತಿದ್ದ ನಮಗೆಲ್ಲ ಅದು ಸಂಭಾಷಣೆಯಾಗಿತ್ತು. ಗೊತ್ತಿಲ್ಲದ ಒಬ್ಬರಿಗೆ ಮಾತ್ರ ಅದು ಕೂಗು.

ರಿಕ್ಷಾದಲ್ಲಿ ಬೆಳ್ತಂಗಡಿಯ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಎದೆಗೆ ಕೊಳವೆ ಇಟ್ಟು ಕೇಳಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಸಂಜೆಯವರೆಗೆ ಅಲ್ಲೇ ಇರಿಸಿಕೊಂಡು, ಭಯವಿಲ್ಲ ಎಂದರು. ಅವಳ ತಾಯಿ ಬಂದರು. ಬೀಡಿ ಕಟ್ಟುವ ಕೆಲಸದಿಂದ ಹಾಗೇ ಎದ್ದು ಬಂದಿದ್ದರು. ಬೆರಳ ತುದಿಗೆ ಹೊಗೆಸೊಪ್ಪಿನ ಪುಡಿ ಅಂಟಿತ್ತು. ಕೂಗಾಡುತ್ತಾರೆಂದು ನಾನು ಕಾದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಟೀಚರ್, ನೀವು ಅಲ್ಲೇ ಇದ್ರಲ್ಲ?" ಎಂದು ಮಾತ್ರ ಕೇಳಿದರು.

"ಅಲ್ಲೇ ಇದ್ದೆ."

ಮಗಳ ತಲೆ ಒರೆಸುತ್ತ, ನನ್ನ ಕಡೆ ನೋಡದೆ, "ಇನ್ನು ನಾಟಕ ಬೇಡ. ಕ್ಲಾಸ್ ಶುರು ಆಗುವವರೆಗೆ ಮನೆಯಲ್ಲೇ ಇರ್ಲಿ" ಎಂದರು. ಹಾಸಿಗೆಯ ಮೇಲಿನ ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಮೂರು ದಿನ ನಾನೂ ಶಿಬಿರಕ್ಕೆ ಹೋಗಲಿಲ್ಲ. ನಾಟಕ ಬಿಟ್ಟುಬಿಡಿ ಎಂದು ಯುವಕರಿಗೆ ಹೇಳಿಕಳುಹಿಸಿದೆ. ಪಕ್ಕದ ಮನೆಯ ಮಕ್ಕಳು ಅಂಗಳದಲ್ಲಿ ಕೂಗಿದರೆ ಎದ್ದು ಹೋಗಿ ನೋಡುತ್ತಿದ್ದೆ. ಅನ್ನಕ್ಕೆ ಕುಳಿತಾಗ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ಉಮ್ಮ ಮೊದಲು ಸಮಾಧಾನ ಮಾಡಿದರು, ಆಮೇಲೆ ರೇಗಿದರು.

"ಮಗು ಬದುಕಿ ಮನೆಯಲ್ಲುಂಟು. ನೀನು ಇಲ್ಲಿ ಕೂತು ಅದನ್ನು ದಿನಕ್ಕೆ ಹತ್ತು ಸಲ ಮುಳುಗಿಸ್ತಾ ಇದ್ದಿ. ಹೋಗಿ ಅದರ ಮುಖ ನೋಡಿ ಬಾ."

ಹೋದೆ. ಅವಳ ಮನೆ ರಸ್ತೆಯಿಂದ ಸ್ವಲ್ಪ ಕೆಳಗೆ. ತಾಯಿ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರು, ಕೈ ನಿಲ್ಲಿಸಲಿಲ್ಲ. ನಾನು ದಾರಿಯಿಡೀ ಕಟ್ಟಿಕೊಂಡು ಬಂದಿದ್ದ ಕ್ಷಮೆಯ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಎಲ್ಲ ನಾಟಕದ ಮಾತಿನ ಹಾಗೆಯೇ ಇದ್ದವು. ಕೊನೆಗೆ ತುಳುವಿನಲ್ಲೇ ಹೇಳಿದೆ: ತಪ್ಪು ನನ್ನದು, ಗುಂಡಿ ನೋಡಲಿಲ್ಲ, ಆ ನಿಯಮ ಮಾಡಬಾರದಿತ್ತು, ಮಗು ಕೂಗುವಾಗ ನಾನು ಪುಸ್ತಕ ನೋಡುತ್ತಿದ್ದೆ. ಬರೆದುಕೊಂಡದ್ದನ್ನೂ ಹೇಳಿದೆ. ಅದನ್ನು ಅವರಿಂದ ಮುಚ್ಚಿಡಲು ಆಗಲಿಲ್ಲ.

ಅವರ ಕೈ ಅಲ್ಲಿ ನಿಂತಿತು.

ಒಳಗಿನಿಂದ ಹುಡುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ನಾಟಕ ಆಗುವುದಿಲ್ವಾ ಟೀಚರ್?"

"ಇಲ್ಲ. ನಾನೇ ಬೇಡ ಅಂದೆ."

"ನೀರಿಗೆ ಬಿದ್ದದ್ದು ನಾನು. ಬೇಡ ಹೇಳುವುದು ನೀವೂ ಅಮ್ಮನೂ!" ಅವಳ ದನಿ ಒಡೆಯಿತು. "ಕ್ಲಾಸಿಗೆ ಇನ್ನು ಒಂಬತ್ತು ದಿನ ಉಂಟು. ಮನೆಯಲ್ಲಿ ಕೂತು ಗೋಡೆ ನೋಡ್ಬೇಕಾ? ರಜೆ ಅಂದ್ರೆ ಇದೇನಾ?"

"ಮಗಾ, ಟೀಚರಿನ ಹತ್ತಿರ ಹಾಗೆ ಮಾತಾಡ್ಬಾರ್ದು" ಎಂದರು ತಾಯಿ.

"ಮಾತಾಡ್ಲಿ" ಎಂದೆ. ಆ ದನಿ ಕೇಳಿ ನನ್ನೊಳಗೆ ಮೂರು ದಿನದ ನಂತರ ಏನೋ ಸಡಿಲಾಯಿತು. ಅವಳು ಹೆದರಿರಲಿಲ್ಲ, ಸಿಟ್ಟಾಗಿದ್ದಳು. "ಒಂದು ವೇಳೆ ಮಾಡುವುದಾದರೂ ಆ ಭಾಷೆ ಬೇಡ. ಎಲ್ಲ ತುಳುವಿನಲ್ಲೇ ಮಾಡುವ. ಕನ್ನಡದ ಮಾತೆಲ್ಲ ತೆಗೆದುಹಾಕ್ತೇನೆ."

ಅವಳು ಬೆಚ್ಚಿಬಿದ್ದಳು. "ಅಯ್ಯೋ, ಬೇಡ ಟೀಚರ್! ಆ ಮಾತು ಚಂದ ಉಂಟು. 'ನಿಮ್ಮನ್ನೆಲ್ಲ ಹೊತ್ತ ಈ ತೋಳುಗಳು' ಅಂತ ಹೇಳುವಾಗ ನಾನು ಬೇರೆಯೇ ಯಾರೋ ಆಗ್ತೇನೆ. ಹಾಗೆ ಮಾತಾಡ್ಲಿಕ್ಕೆ ನನಗೆ ಮತ್ತೆ ಎಲ್ಲಿ ಸಿಗ್ತದೆ? ಮನೆಯಲ್ಲಿ ಹೇಳಿದ್ರೆ ಅಮ್ಮ ಹುಚ್ಚು ಅಂತಾರೆ."

"ಹೇಳಿ ಆಗಿದೆ" ಎಂದರು ತಾಯಿ. ಅವರ ತುಟಿಯ ಮೂಲೆ ಸ್ವಲ್ಪ ಕದಲಿತು.

"ಅದೆಲ್ಲ ಇರ್ಲಿ," ಹುಡುಗಿ ಈಗ ಮೆಟ್ಟಿಲಿಗೆ ಇಳಿದು ಕುಳಿತಿದ್ದಳು, "ಕೊನೆಯ ಬೊಬ್ಬೆ ಮಾತ್ರ ಬೇರೆ. ನಿಜವಾಗಿ ಮುಳುಗುವವಳು 'ಚಾಚಿರಿ' ಅಂತ ಹೇಳುವುದಿಲ್ಲ. ನನಗೆ ಗೊತ್ತು."



ತಾಯಿ ಒಂದು ಎಲೆ ತೆಗೆದುಕೊಂಡು, ಕತ್ತರಿಸಿ, ಪುಡಿ ತುಂಬಿ, ಸುತ್ತಿ, ದಾರ ಕಟ್ಟುವವರೆಗೂ ಯೋಚಿಸಿದರು. ಆಮೇಲೆ ಹೇಳಿದರು. ಹೊಳೆಯ ಹತ್ತಿರ ಯಾರೂ ಹೋಗಬಾರದು. ನಾಟಕದ ದಿನ ತಾನು ಮುಂದೆ ಕುರ್ಚಿಯಲ್ಲಲ್ಲ, ವೇದಿಕೆಯ ಬದಿಯಲ್ಲಿ ನಿಲ್ಲುತ್ತೇನೆ. "ಮತ್ತೆ ಟೀಚರ್, ನೀವು ಪುಸ್ತಕ ಹಿಡೀಲಿಕ್ಕಿಲ್ಲ. ಮಾತು ತಪ್ಪಿದ್ರೆ ತಪ್ಪಲಿ. ಮಗುವನ್ನು ನೋಡಿ."

ಶಿಬಿರದ ಯುವಕರು ಕೊನೆಯ ದಿನವನ್ನು ಒಂದು ವಾರ ಮುಂದಕ್ಕೆ ಹಾಕಿದರು. ನನಗೆ ನಲವತ್ತು ನಿಮಿಷದ ನಾಟಕವನ್ನು, ಎಲ್ಲರ ಪಾತ್ರವನ್ನೂ, ಬಾಯಿಪಾಠ ಮಾಡಬೇಕಾಯಿತು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಗೊಣಗುತ್ತಿದ್ದೆ. ವ್ಯಾಪಾರಿಯ ಜಗಳದ ಭಾಗ ಬಂದಾಗ ದನಿ ಸ್ವಲ್ಪ ಏರಿರಬೇಕು. ಕಂಡಕ್ಟರ್ ನನ್ನ ಪಕ್ಕದ ಖಾಲಿ ಸೀಟನ್ನು ನೋಡಿ, "ಯಾರೊಟ್ಟಿಗೆ ಟೀಚರ್ ಗಲಾಟೆ? ಟಿಕೇಟು ಎರಡು ಕೊಡ್ಬೇಕಾ?" ಎಂದ. ಹಿಂದಿನ ಸೀಟಿನ ಹೆಂಗಸರು ನಕ್ಕರು. ನಾನೂ ನಕ್ಕೆ, ಆ ವಾರದಲ್ಲಿ ಮೊದಲ ಸಲ.

ಅಭ್ಯಾಸ ಮತ್ತೆ ತಗಡಿನ ಮಾಡಿನ ಅಡಿಯಲ್ಲಿ. ಬೆವರು ಸುರಿಯುತ್ತಿತ್ತು. ನಿಯಮ ಇರಲಿಲ್ಲ. ಮಕ್ಕಳು ತುಳುವಿನಲ್ಲಿ ಕಿತ್ತಾಡಿ, ಕನ್ನಡದಲ್ಲಿ ಅಳುತ್ತಿದ್ದರು. ವಿಚಿತ್ರವೆಂದರೆ ಬೇರೆ ಮಾತು ನುಸುಳುವುದು ಮೊದಲಿಗಿಂತ ಕಡಿಮೆಯಾಯಿತು. ಕೊನೆಯ ದೃಶ್ಯಕ್ಕೆ ಬಂದಾಗ ಮಾತ್ರ ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚುತ್ತಿದ್ದೆ. "ಟೀಚರ್, ಕಣ್ಣು ಮುಚ್ಚಬೇಡಿ, ನೋಡಿ" ಎಂದು ಅವಳೇ ಹೇಳಿದಳು ಒಮ್ಮೆ.

ನಾಟಕದ ಸಂಜೆ ಶಾಲೆಯ ಅಂಗಳದಲ್ಲಿ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಸುಮಾರು ಜನ ಸೇರಿದ್ದರು. ಹೊಳೆಯೆಂದರೆ ಉಮ್ಮನ ಒಂದು ನೀಲಿ ಸೀರೆ. ಇಬ್ಬರು ಮಕ್ಕಳು ಎರಡು ತುದಿ ಹಿಡಿದು ವೇದಿಕೆಗೆ ಅಡ್ಡಲಾಗಿ ನಿಂತಿದ್ದರು. ನೆರೆ ಏರಿದಂತೆ ಸೀರೆಯನ್ನು ಮೊಣಕಾಲು, ಸೊಂಟ, ಎದೆಯ ಮಟ್ಟಕ್ಕೆ ಎತ್ತುತ್ತ ಹೋಗುವುದು. ಹುಡುಗಿ ಅದರ ಹಿಂದೆ. ನಾನು ಬದಿಯ ಪರದೆಯ ಮರೆಯಲ್ಲಿ, ಬರಿಗೈಯಲ್ಲಿ. ನನ್ನ ಪಕ್ಕದಲ್ಲಿ ಅವಳ ತಾಯಿ.

ಅವಳು ಮಾತು ಶುರು ಮಾಡಿದಳು. "ಓ ದಡದ ಮೇಲಿನ ಬಂಧುಗಳೇ…" ಊರವರು ಸುಮ್ಮನಾದರು. ಶಾಲೆಯ ಕನ್ನಡಕ್ಕೆ ಕೊಡುವ ಗೌರವದ ಮೌನ ಅದು; ಒಂದಿಬ್ಬರು ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು, ಒಬ್ಬರು ಆಕಳಿಸಿದರು. 'ನಿಮ್ಮನ್ನೆಲ್ಲ ಹೊತ್ತ ಈ ತೋಳುಗಳು' ಎಂದು ಅವಳು ಕೈ ಚಾಚಿದಾಗ ಅವಳ ತಾಯಿ ಉಸಿರಿನಲ್ಲೇ ಆ ಮಾತನ್ನು ಒಟ್ಟಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಮನೆಯಲ್ಲಿ ಎಷ್ಟು ಸಲ ಕೇಳಿದ್ದರೋ. ನೀಲಿ ಸೀರೆ ಎದೆಗೆ ಬಂತು, ಕೊರಳಿಗೆ ಬಂತು.

"ಅಪ್ಪೇ! ಎನ್ನ ಕೈ ಪತ್ತ್‌ಲೆ!"

ಅಮ್ಮಾ, ನನ್ನ ಕೈ ಹಿಡಿಯಿರಿ ಎಂದು ತುಳುವಿನಲ್ಲಿ, ಗಂಟಲು ಹರಿಯುವಂತೆ.

ಕುರ್ಚಿಗಳು ಸರಿದ ಸದ್ದು ಒಟ್ಟಿಗೇ ಬಂತು. ಮುಂದಿನ ಸಾಲಿನ ಹೆಂಗಸರು ಎದ್ದು ನಿಂತಿದ್ದರು. ಹಿಂದಿನಿಂದ ಒಬ್ಬ ಗಂಡಸು ನಾಲ್ಕು ಹೆಜ್ಜೆ ಓಡಿಬಂದು, ವೇದಿಕೆಗೆ ಕೈ ಊರಿ, ಆಮೇಲೆ ಅಲ್ಲೇ ನಿಂತು ಸುತ್ತ ನೋಡಿದ. ನನ್ನ ಪಕ್ಕದಲ್ಲಿದ್ದ ತಾಯಿಯ ಒಂದು ಕಾಲು ಆಗಲೇ ವೇದಿಕೆಯ ಮೇಲಿತ್ತು. ನಾಟಕವೆಂದು ಅವರಿಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ನಾನು ಅವರ ಮೊಣಕೈ ಹಿಡಿದೆ.

ನಾನು ಹುಡುಗಿಯ ಕೈಗಳನ್ನು ನೋಡುತ್ತಿದ್ದೆ. ಬೆರಳುಗಳು ಬಿಚ್ಚಿದ್ದವು, ಮಣಿಕಟ್ಟು ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಹೊಳೆಯಲ್ಲಿ ಕಂಡ ಕೈಗಳು ಹೀಗಿರಲಿಲ್ಲ. ಇದು ಅಭಿನಯ. ನನಗೆ ಅದು ಕಂಡಿತು, ಖಂಡಿತವಾಗಿ ಕಂಡಿತು. "ಅವಳು ಸರಿ ಇದ್ದಾಳೆ" ಎಂದು ತಾಯಿಯ ಕಿವಿಯಲ್ಲಿ ಹೇಳಿದೆ. ಹೇಳಿದ ಮೇಲೂ ಕಣ್ಣು ತೆಗೆಯಲಿಲ್ಲ. ಸೀರೆ ಅವಳ ತಲೆಯ ಮೇಲೆ ಬಂದು, ನಿಧಾನ ಇಳಿಯಿತು.

ಚಪ್ಪಾಳೆ ತಡವಾಗಿ ಬಂತು. ಮೊದಲು ಜನ ತಮ್ಮ ತಮ್ಮ ಕುರ್ಚಿ ಹುಡುಕಿಕೊಳ್ಳಬೇಕಿತ್ತು. ಓಡಿಬಂದ ಗಂಡಸು ನಾಚಿಕೆಯಿಂದ ನಗುತ್ತ ಪಂಚೆ ಸರಿಮಾಡಿಕೊಳ್ಳುತ್ತಿದ್ದ; ಅವನ ಹೆಂಡತಿ, "ಮನೆಯಲ್ಲಿ ನಾನು ಕರೆದ್ರೆ ಇಷ್ಟು ಜೋರು ಓಡಿ ಬರುವುದಿಲ್ಲ ಇವರು" ಎಂದು ಅಕ್ಕಪಕ್ಕದವರಿಗೆ ದೂರು ಕೊಡುತ್ತಿದ್ದರು.

ನಾಟಕ ಮುಗಿದ ಮೇಲೆ ಶಿರ್ತಾಡಿಯ ಕಡೆಯಿಂದ ಬೈಕಿನಲ್ಲಿ ಬಂದಿದ್ದ ಇಬ್ಬರು ನನ್ನ ಹತ್ತಿರ ಬಂದರು. ಅವರ ಊರಿನಲ್ಲೂ ಮಕ್ಕಳ ಒಂದು ಕಾರ್ಯಕ್ರಮ ಮಾಡುತ್ತಾರಂತೆ. "ಮಳೆ ಬರುವ ಮೊದಲು ಒಂದು ಆಟ ನಮ್ಮಲ್ಲಿ ಆಡ್ಬಹುದಾ ಟೀಚರ್?"

ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗಿ ಕೈ ನಿಲ್ಲಿಸಿ ತಾಯಿಯ ಮುಖ ನೋಡಿದಳು. ತರಗತಿ ಶುರುವಾಗಲು ಉಳಿದಿದ್ದದ್ದು ಎರಡೇ ದಿನ. ತಾಯಿ ನೀಲಿ ಸೀರೆಯನ್ನು ಮಡಚುತ್ತಿದ್ದರು. ಒಂದು ಮಡಿಕೆ, ಎರಡು ಮಡಿಕೆ. ನಾನು ಮಧ್ಯೆ ಬಾಯಿ ಹಾಕಬಾರದೆಂದು ತುಟಿ ಕಚ್ಚಿಕೊಂಡು ನಿಂತೆ.

"ಆದಿತ್ಯವಾರ ಕ್ಲಾಸ್ ಇಲ್ಲ ಅಲ್ವಾ?" ಎಂದರು ತಾಯಿ, ಯಾರನ್ನೂ ನೋಡದೆ.

"ಇಲ್ಲ" ಎಂದಳು ಹುಡುಗಿ. ಹೇಳಿ, ಗೋಡೆಯ ಕ್ಯಾಲೆಂಡರ್ ಇದ್ದ ಶಾಲೆಯ ಕೋಣೆಗೆ, ಮುಖದಲ್ಲಿ ಅರ್ಧ ಬಣ್ಣ ಇಟ್ಟುಕೊಂಡೇ ಓಡಿದಳು, ಮಳೆಗೆ ಮೊದಲು ಎಷ್ಟು ಆದಿತ್ಯವಾರ ಉಂಟೆಂದು ನೋಡಲು.